ಮೈಕ್ ಮಾರೇಶ ಸೀಲಿಂಗ್ ಹತ್ತಿದ್ದು

ಕಂಪ್ಲಿಯ ಮೈಕ್ ಮಾರೇಶನಿಗೆ ಕಿವಿ ಕೇಳುವುದಿಲ್ಲ ಎಂಬುದು ಊರಿನಲ್ಲಿ ಯಾರೂ ಚರ್ಚೆಗೆ ಎತ್ತದ ಸಂಗತಿಯಾಗಿತ್ತು. ಅರ್ಧ ಆಯುಷ್ಯವನ್ನು ಹಾರ್ನ್ ಸ್ಪೀಕರುಗಳ ಕೆಳಗೆ ಕೂತು ಕಳೆದವನ ಕಿವಿ ಇನ್ನೆಲ್ಲಿ ಉಳಿದೀತು? ಕರೆದರೆ ತಿರುಗುತ್ತಿರಲಿಲ್ಲ. ಮಾತಾಡಿಸಿದರೆ ದೂರದ ಹೊಳೆಯನ್ನು ನೋಡುವವರ ಹಾಗೆ ನೋಡುತ್ತಿದ್ದ. ಈ ಸಾಲುಗಳನ್ನು ಬರೆಯುತ್ತಿರುವವನೂ ಊರಿನ ಮಾತನ್ನೇ ನಂಬಿ, ಒಮ್ಮೆ ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಅವನ ಪಕ್ಕಕ್ಕೇ ಕೂತು, ಅವನ ಕಿವಿಗೆ ಬಾಯಿ ಹಚ್ಚಿ, ದಾರಿಯುದ್ದಕ್ಕೂ ಕೂಗಿ ಕೂಗಿ ಕುಶಲ ವಿಚಾರಿಸಿದ್ದುಂಟು. ಹಿಂದಿನ ಸೀಟಿನ ಕೂಸು ಎದ್ದು ಅತ್ತಿತು. ಡ್ರೈವರ್ ಎರಡು ಸಲ ಕನ್ನಡಿಯಲ್ಲಿ ನೋಡಿದ. ಹೊಸಪೇಟೆ ಬಂದ ಮೇಲೆ ಮಾರೇಶ ಎರಡೂ ಕಿವಿಯಿಂದ ಹತ್ತಿಯ ಉಂಡೆಗಳನ್ನು ನಿಧಾನಕ್ಕೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಹೇಳಿದ: “ಈಗ ಮೆಲ್ಲಕ ಹೇಳ್ರಿ. ಹತ್ತಿ ಇಟ್ಕಂಡಿದ್ರೂ ನಿಮ್ದು ಭಾಳ ಜೋರಾತು.”

ಅಂದರೆ ಮಾರೇಶ ಕಿವುಡನಲ್ಲ. ಕಿವಿಯನ್ನು ಜತನ ಮಾಡಿದವನು. ಬಡಗಿ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಡುವಂತೆ ಅವನು ಕಿವಿಯನ್ನು ಹತ್ತಿಯಲ್ಲಿ ಮುಚ್ಚಿಟ್ಟು, ಕೆಲಸಕ್ಕೆ ಬೇಕಾದಾಗ ಮಾತ್ರ ತೆರೆಯುತ್ತಿದ್ದ. ಊರಿನ ಮಾತು ಬಹುಪಾಲು ಕೆಲಸಕ್ಕೆ ಬಾರದ್ದಾದ್ದರಿಂದ ಹತ್ತಿ ಹೆಚ್ಚು ಹೊತ್ತು ಕಿವಿಯಲ್ಲೇ ಇರುತ್ತಿತ್ತು.

ಅವನ ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಮಗ ಚೀಲ ಹೊರಲಾರೆನೆಂದು ಹಳೆಯ ಆಂಪ್ಲಿಫೈಯರ್ ಹೊತ್ತುಕೊಂಡು ಬಂದ. ಅಲ್ಲಿಂದ ಕಂಪ್ಲಿ, ಎಮ್ಮಿಗನೂರು ಸೀಮೆಯ ಮದುವೆ, ಸೀಮಂತ, ಎಲೆಕ್ಷನ್ನು, ಉರುಸು ಎಲ್ಲಕ್ಕೂ ಮಾರೇಶನ ಹಾರ್ನೇ ಆಯಿತು. ಆ ಕಾಲದಲ್ಲಿ ಮೈಕ್ ಸೆಟ್ಟಿಗೆ ಒಂದೇ ಪರೀಕ್ಷೆ: ಹೊಳೆಯಾಚೆ ಕೇಳಿತೇ? ಮದುವೆ ಮನೆಯವರು ಊಟದ ಬಗ್ಗೆ ಆಮೇಲೆ ವಿಚಾರಿಸುತ್ತಿದ್ದರು, ಮೊದಲು ಇದನ್ನು ವಿಚಾರಿಸುತ್ತಿದ್ದರು. ಮಾರೇಶ ಬೇವಿನ ಮರದ ತುದಿಗೆ ಹಾರ್ನ್ ಕಟ್ಟಿ, ಹಾಡು ಹಚ್ಚಿ, ಕಿವಿಯ ಹತ್ತಿ ತೆಗೆದು, ಭತ್ತದ ಗದ್ದೆಯ ಬದುವಿನ ಮೇಲೆ ನಡೆದು ಹೋಗಿಬಿಡುತ್ತಿದ್ದ. ಹಾಡು ಎಲ್ಲಿ ಸಾಯುತ್ತದೋ ಅಲ್ಲಿ ನಿಂತು ಬೀಡಿ ಹಚ್ಚುತ್ತಿದ್ದ. ಬೀಡಿಯ ಬೆಂಕಿ ಎಷ್ಟು ದೂರ ಹೋದರೆ ಮದುವೆಯ ಮರ್ಯಾದೆ ಅಷ್ಟು ದೊಡ್ಡದು.

ಕಾಲ ತಿರುಗಿತು. ಟ್ರ್ಯಾಕ್ಟರಿನ ಮೇಲೆ ಮನೆಯಷ್ಟೆತ್ತರ ಡಬ್ಬಗಳನ್ನು ಪೇರಿಸಿಕೊಂಡು ಡಿಜೆ ಬಂತು. ಮಾರೇಶನ ಹಾರ್ನುಗಳು ಗೋಡೆಯ ಮೇಲೆ ದತ್ತೂರಿ ಹೂಗಳಂತೆ ಬಾಯಿ ತೆರೆದುಕೊಂಡು ನೇತಾಡಿದವು. ಅವನೇನೂ ಕುಗ್ಗಲಿಲ್ಲ. “ಇವರದ್ದು ಎದಿಗೆ ಗುದ್ದತೈತಿ, ಕಿವಿಗೆ ಮುಟ್ಟೋದಿಲ್ಲ” ಎಂದು ಒಂದೇ ಮಾತಿನಲ್ಲಿ ಡಿಜೆಯನ್ನು ತಳ್ಳಿಹಾಕಿ, ಹೊಸಪೇಟೆಗೆ ಹೋಗಿ ಹೋಟೆಲು, ಬಟ್ಟೆ ಅಂಗಡಿಗಳ ಸೀಲಿಂಗಿನಲ್ಲಿ ಸ್ಪೀಕರ್ ಕೂರಿಸುವ ಕೆಲಸ ಕಲಿತ. ಹೊರಗೆ ಮರದ ತುದಿಯಲ್ಲಿ ಕೂಗುತ್ತಿದ್ದ ದನಿ ಒಳಗೆ ಸೂರಿನಲ್ಲಿ ಅಡಗಿ ಪಿಸುಗುಟ್ಟತೊಡಗಿತು. ಮನೆಗೆ ಹಾಕಿಸಿಕೊಳ್ಳುವವರು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಹಾಗಿದ್ದಾಗ ಸಿಕ್ಕವರು ಅಂದಾನಪ್ಪನವರು.

ಅಂದಾನಪ್ಪನವರು ಸಂಡೂರಿನ ವಡ್ಡು ಗ್ರಾಮದ ಕಡೆ ಅದಿರಿನ ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಕ್ರಷರ್ ಯಂತ್ರದ ಪಕ್ಕ ನಿಂತು ಆಜ್ಞೆ ಕೊಟ್ಟು ಕೊಟ್ಟು ಅವರ ದನಿ ಅದೇ ಅಳತೆಯಲ್ಲಿ ಗಟ್ಟಿಯಾಗಿತ್ತು. ಕುಡಿಯಲು ನೀರು ಕೇಳಿದರೂ ಲಾರಿ ಹಿಂದಕ್ಕೆ ತೆಗೆಸುತ್ತಿದ್ದಾರೆ ಅನ್ನಿಸುತ್ತಿತ್ತು. ಹೊಸಪೇಟೆಯ ಹೊಸ ಬಡಾವಣೆಯಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದ್ದರು. ಹಂಪಿಯ ಹತ್ತಿರದ ರೆಸಾರ್ಟೊಂದರಲ್ಲಿ ಯಾರದೋ ಆರತಕ್ಷತೆಗೆ ಹೋದಾಗ, ಎಲ್ಲಿಂದಲೋ ಕೊಳಲು ಕೇಳಿಸಿ, ಊದುವವನನ್ನು ಹುಡುಕಿಕೊಂಡು ಕಂಬ ಕಂಬದ ಹಿಂದೆ ಇಣುಕಿ, ಕೊನೆಗೆ ತಲೆಯೆತ್ತಿ ನೋಡಿದರೆ ಸೂರಿನಲ್ಲಿ ಜರಡಿಯಂಥ ಬಿಳಿಯ ಬಿಲ್ಲೆ! ಅಂದೇ ನಿಶ್ಚಯವಾಯಿತು: ತಮ್ಮ ಮನೆಯ ಸೂರೂ ಊದಬೇಕು.

“ಹದಿನಾರು ಹಾಕು,” ಎಂದರು ಮಾರೇಶನನ್ನು ಕರೆಸಿ, ಹಾಲ್‌ನ ನಡುವೆ ನಿಂತು. “ನಕ್ಷತ್ರ ಇದ್ದಂಗ ಕಾಣಬೇಕು.”

ಮಾರೇಶ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು, ಒಂದು ಸಲ ಚಪ್ಪಾಳೆ ತಟ್ಟಿ, ಅದು ಗೋಡೆಗೆ ಬಡಿದು ಬರುವುದನ್ನು ಕೇಳಿಸಿಕೊಂಡ.

“ನಾಕು ಸಾಕ್ರಿ ಯಜಮಾನ್ರ.”

“ನಾಕಾ? ನಮ್ಮ ಮನಿಗೇನು ಕಡಿಮಿ ಐತಿ?”

“ಮನಿಗೆ ಕಡಿಮಿ ಇಲ್ರಿ. ಉಪ್ಪು ಹದಿನಾರು ಕಡೆಯಿಂದ ಸುರಿದ್ರ ಸಾರು ರುಚಿ ಆಗತೈತೇನ್ರಿ?”

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಇನ್ನೊಂದು ದನಿ ಬಂತು. ಅಂದಾನಪ್ಪನವರ ಸೊಸೆ ಗಾಯತ್ರಿ. ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ಅವಳ ಕೋಣೆ ಇರುವುದು ಸರಿಯಾಗಿ ಈ ಹಾಲ್‌ನ ನೆತ್ತಿಯ ಮೇಲೆ.

“ಮಾರೇಶಣ್ಣ, ನಾಕರ ಹಾಕ್ರಿ, ನಲವತ್ತರ ಹಾಕ್ರಿ. ನಾನು ರಾತ್ರಿಯೆಲ್ಲಾ ನಿಂತು ಬಂದಿರ್ತೀನಿ. ಕೆಳಗಿನ ಒಂದು ಮಾತು ನನ್ನ ದಿಂಬಿಗೆ ಬಂತಂದ್ರ ವೈರ್ ಕಟ್ ಮಾಡ್ತೀನಿ.”

“ನಿಮಗ ಕೇಳಿದ್ರ, ತಂಗೀ, ನೀವು ಕಟ್ ಮಾಡೋದು ಬ್ಯಾಡ. ಸೀಲಿಂಗ್ ಸಮೇತ ನಾನ ಬಿಚ್ಚಿ ಕಂಪ್ಲಿಗೆ ಒಯ್ತೀನಿ,” ಎಂದ ಮಾರೇಶ. “ಶಬ್ದ ಹೊರಗ ಕಳಿಸಿದವನಿಗೆ ಒಳಗ ಕಟ್ಟಿಹಾಕೋದು ಗೊತ್ತಿರೋದಿಲ್ಲೇನು?”

ಮಾತು ಬಿದ್ದಾಗಿತ್ತು. ಬಡಾವಣೆಯಲ್ಲಿ ಇನ್ನೂ ನಾಲ್ಕಾರು ಮನೆಗಳು ಏಳುತ್ತಿದ್ದವು. ಎಲ್ಲರ ಕಣ್ಣೂ ಈ ಮನೆಯ ಸೂರಿನ ಮೇಲಿತ್ತು. ಮೊದಲ ಮನೆಯ ಸೂರು ಬಿಚ್ಚಿಕೊಂಡು ಹೋದ ಮೈಕಿನವನನ್ನು ಎರಡನೆಯ ಮನೆಯವರು ಕರೆಯುವುದಿಲ್ಲ ಎಂಬುದು ಮಾರೇಶನಿಗೆ ಚೆನ್ನಾಗಿ ಗೊತ್ತಿತ್ತು.

ಸ್ಪೀಕರ್ ಆರಿಸಲು ಇಬ್ಬರೂ ಹೊಸಪೇಟೆಯ ಅಂಗಡಿಗೆ ಹೋದರು. ಅಂಗಡಿಯವನು ಡೋಲು ತಮಟೆಗಳ ಹಾಡೊಂದನ್ನು ಹಚ್ಚಿದ. ಕಪಾಟಿನ ಗಾಜು ಗಡಗಡ ಅಂದಿತು.

“ಎದಿ ನಡುಗಾಕತ್ತೈತಿ ನೋಡು! ಇದ ಬೇಕು,” ಎಂದರು ಅಂದಾನಪ್ಪನವರು.

“ಎದಿ ನಡುಗೋದು ಬ್ಯಾಡ್ರಿ, ವಯಸ್ಸು ನೋಡ್ಕಳ್ರಿ,” ಎಂದು ಮಾರೇಶ ತನ್ನ ಫೋನ್ ತೆಗೆದ. ಅದರಲ್ಲಿ ಅವನ ಹೆಂಡತಿ ರೇಣುಕಮ್ಮನ ದನಿ ಇತ್ತು. ಹಿಂದೊಮ್ಮೆ ಅವಳು ವಾಟ್ಸಾಪಿನಲ್ಲಿ ಕಳಿಸಿದ್ದ ಮಾತು. ಡೋಲು ಎಲ್ಲ ಸ್ಪೀಕರಿನಲ್ಲೂ ಡೋಲೇ. ಆದರೆ ಹೆಂಡತಿಯ ದನಿಯಲ್ಲಿ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಗಂಡನಿಗೆ ಗೊತ್ತಾಗದೆ ಹೋಗುವುದಿಲ್ಲ ಎಂಬುದು ಅವನ ಸಿದ್ಧಾಂತ. ಅಂಗಡಿಯ ಸ್ಪೀಕರುಗಳಿಂದ ಒಂದಾದ ಮೇಲೊಂದರಂತೆ ರೇಣುಕಮ್ಮ ಹೊರಟಳು: “ಏನ್ರಿ, ಬರುವಾಗ ಬ್ಯಾಡಗಿ ಮೆಣಸಿನಕಾಯಿ ತರ್ರಿ, ಮರೀಬ್ಯಾಡ್ರಿ, ಹೋದ ಸಲದಂಗ ಮರ್ತು ಬಂದು ನಗಬ್ಯಾಡ್ರಿ.”

ಮೊದಲನೆಯದರಲ್ಲಿ ಅವಳು ಕೊಡದೊಳಗೆ ತಲೆಯಿಟ್ಟು ಮಾತಾಡಿದಳು. ಎರಡನೆಯದರಲ್ಲಿ ನೆಗಡಿಯಾಗಿತ್ತು. ಮೂರನೆಯದರಲ್ಲಿ ಅವಳ ಸಕಾರಗಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಸಿಡಿದವು. ಅಂದಾನಪ್ಪನವರಿಗೆ ಎಲ್ಲವೂ ಒಂದೇ ಥರ ಕೇಳಿಸಿದವು; ಆದರೆ ಪ್ರತಿಯೊಂದಕ್ಕೂ ಗಂಭೀರವಾಗಿ ತಲೆದೂಗಿದರು. ನಾಲ್ಕನೆಯದು ಮಾತಾಡಿದ ಕೂಡಲೇ ಮಾರೇಶ ತನಗರಿವಿಲ್ಲದೆಯೇ ನೆಟ್ಟಗೆ ನಿಂತು ಹಿಂದೆ ತಿರುಗಿ ನೋಡಿದ.

“ಇದ,” ಎಂದ.

ಕೆಲಸ ಶುರುವಾಯಿತು. ಪ್ಲಾಸ್ಟರಿನ ಒಳಸೂರು ಕಟ್ಟುವ ಪಿಒಪಿಯವರು ಸ್ಲ್ಯಾಬಿನಿಂದ ಕಬ್ಬಿಣದ ಪಟ್ಟಿಗಳನ್ನು ಇಳಿಬಿಟ್ಟು ಚೌಕಟ್ಟು ಕಟ್ಟಿದರು. ಬರಿಯ ಸ್ಪೀಕರನ್ನು ತೂತಿನಲ್ಲಿ ಸಿಕ್ಕಿಸಿದರೆ ಅದರ ಬೆನ್ನಿನ ದನಿಯೆಲ್ಲ ಸೀಲಿಂಗಿನೊಳಗೆ ದನದಂತೆ ತಿರುಗಾಡುತ್ತದೆ ಎಂದು ಮಾರೇಶ ಪ್ರತಿಯೊಂದಕ್ಕೂ ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿದ. ಒಳಗೆ ರಾಕ್‌ವೂಲ್ ತುಂಬಿದ. ಅದು ಕಾರ್ಖಾನೆಯ ಬಾಯ್ಲರಿಗೆ ಸುತ್ತುವ ಉಣ್ಣೆ, ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಸಂದುಗಳಿಗೆ ಮೇಣದಂಥ ಪುಟ್ಟಿ ಮೆತ್ತಿದ. ವೈರು ಹೋಗುವ ಪೈಪಿನ ಬಾಯಿಯನ್ನೂ ಬಿಡಲಿಲ್ಲ. ಪೆಟ್ಟಿಗೆಗಳನ್ನು ಪಿಒಪಿಯವರು ತಮ್ಮ ಕಬ್ಬಿಣದ ಚೌಕಟ್ಟಿಗೆ ಭದ್ರವಾಗಿ ಸ್ಕ್ರೂ ಹೊಡೆದು ಕೂರಿಸಿದರು. ಬಣ್ಣ ಬಳಿದ ಮೇಲೆ ಸೂರಿನಲ್ಲಿ ನಾಲ್ಕು ಬಿಳಿ ಜರಡಿಗಳು ಕಂಡೂ ಕಾಣದಂತೆ ಉಳಿದವು.

ಪರೀಕ್ಷೆಯ ದಿನ ಮಧ್ಯಾಹ್ನ ಗಾಯತ್ರಿ ಉಂಡು ಮೇಲೆ ಹೋಗಿ ಮಲಗಿದಳು. ಅಂದಾನಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದಲ್ಲಿ ಕೂತರು. ಮಾರೇಶ ಹಾಡು ಹಚ್ಚಿ, ಹತ್ತಿ ತೆಗೆದು, ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದ: ನಡೆದು ಹೋದ. ವರಾಂಡದಲ್ಲಿ ನಿಂತ, ಹಾಡು ಎಳೆಯಷ್ಟು. ಗೇಟಿನಲ್ಲಿ ನಿಂತ, ಏನೂ ಇಲ್ಲ. ಪಕ್ಕದ ಮನೆಯ ಕಾಂಪೌಂಡಿಗೆ ಕಿವಿ ಕೊಟ್ಟ; ಅಲ್ಲಿ ನೆರಳಿನಲ್ಲಿ ಮಲಗಿದ್ದ ನಾಯಿ ಬಾಲ ಸಹ ಅಲ್ಲಾಡಿಸಲಿಲ್ಲ. ಹೊಳೆಯಾಚೆ ಕೇಳಿಸಿದವನು ಈಗ ಗೇಟಿನಾಚೆ ಕೇಳದಂತೆ ಮಾಡಿದ್ದ. ಮಾರೇಶ ಹಿಗ್ಗಿ ಒಂದು ಬೀಡಿ ಹಚ್ಚಿದ.

ಒಳಗೆ ಅದೇ ಹೊತ್ತಿಗೆ ಅಂದಾನಪ್ಪನವರಿಗೆ ಫೋನ್ ಬಂತು. ಅವರ ಫೋನೇ ಸ್ಪೀಕರುಗಳಿಗೆ ಜೋಡಣೆಯಾಗಿದ್ದರಿಂದ, ಹಾಡು ನಿಂತು, ಸಂಡೂರಿನಲ್ಲಿರುವ ಅವರ ಹೆಂಡತಿಯ ತಮ್ಮ ಗುಡ್ಡಪ್ಪನ ದನಿ ಆಕಾಶವಾಣಿಯಂತೆ ಸೂರಿನಿಂದ ಇಳಿಯಿತು. ಅಂದಾನಪ್ಪನವರು ಪುಳಕಗೊಂಡರು. ಫೋನ್ ಕೈಯಲ್ಲಿ ಹಿಡಿಯದೆ, ಕಾಲ ಮೇಲೆ ಕಾಲು ಹಾಕಿ, ಸೂರಿನೊಂದಿಗೆ ಮಾತಾಡಿದರು. ಶನಿವಾರ ಬಂದು ಈ ವೈಭವ ನೋಡಬೇಕೆಂದು ಭಾಮೈದನಿಗೆ ಅಪ್ಪಣೆ ಕೊಟ್ಟರು.

“ಬರ್ತೀನ್ರಿ ಭಾವ,” ಎಂದಿತು ಸೂರು. “ಆದ್ರ ಉಂಡ ಬರ್ತೀನಿ. ಹೋದ ಸಲ ನಿಮ್ಮ ಸೊಸಿ ಮಾಡಿದ ಸಾರು ಕುಡದ್ರ ಆಸ್ಪತ್ರಿ ಔಷಧ ಕುಡದಂಗಾತು ನೋಡ್ರಿ.”

ಅಂದಾನಪ್ಪನವರು ಕ್ರಷರಿನಂತೆ ನಕ್ಕರು. ಬೀಡಿ ಮುಗಿಸಿ ಮಾರೇಶ ಒಳಗೆ ಬರುವುದಕ್ಕೂ ಮೆಟ್ಟಿಲ ಮೇಲೆ ಗಾಯತ್ರಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಕೂದಲು ಬಿಚ್ಚಿತ್ತು. ಕಣ್ಣು ಕೆಂಪಾಗಿತ್ತು.

“ಮಾವಾ, ಗುಡ್ಡಪ್ಪ ಮಾವಾಗ ಹೇಳ್ರಿ. ಉಂಡ ಬರ್ಲಿ, ಬ್ಯಾಡ ಅನ್ನೋದಿಲ್ಲ. ಔಷಧ ಬೇಕಾದ್ರ ಆಸ್ಪತ್ರಿಗೇ ಬರ್ಲಿ. ಸೂಜಿ ನಾನ ಚುಚ್ತೀನಿ.”

ಸೂರು ಬಹಳ ಸಣ್ಣ ದನಿಯಲ್ಲಿ, “ಫೋನ್ ಇಡ್ತೀನ್ರಿ ಭಾವ,” ಅಂದಿತು.

ಗಾಯತ್ರಿ ಮಾರೇಶನ ಕಡೆ ತಿರುಗಿದಳು. “ಮಾತು ಕೊಟ್ಟಿದ್ರಿ, ಮಾರೇಶಣ್ಣ.”

“ಕೊಟ್ಟೀನಿ.”

“ಒಂದಕ್ಷರ ಬಿಡದಂಗ ಕೇಳ್ತು. ಮಾವನ ನಗಿ ಬಿಡ್ರಿ, ಅದು ಯಾವಾಗ್ಲೂ ಕೇಳ್ತೈತಿ. ಗುಡ್ಡಪ್ಪ ಮಾವ ನನ್ನ ಮಂಚದ ಕೆಳಗ ಕುಂತು ಮಾತಾಡಿದಂಗಿತ್ತು.”

ಅಂದಾನಪ್ಪನವರು ಗಂಟಲು ಸರಿಮಾಡಿಕೊಂಡು ಆಡಳಿತಾತ್ಮಕ ಪರಿಹಾರವೊಂದನ್ನು ಮುಂದಿಟ್ಟರು: “ಅಷ್ಟಕ್ಕ ಯಾಕ? ಸೊಸಿ ಮಂಚ ಹಿಂದಿನ ಸಣ್ಣ ಖೋಲಿಗೆ ಹಾಕಿದ್ರಾತು.”

ಹಿಂದಿನ ಖೋಲಿಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆಯುತ್ತದೆ ಎಂದು ಮನೆಯವರಿಗೆಲ್ಲ ಗೊತ್ತು. ಬಳ್ಳಾರಿ ಸೀಮೆಯ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ಗಾಯತ್ರಿ ಮಾರೇಶನನ್ನೇ ನೋಡಿದಳು.

“ಮಂಚ ಎತ್ತಾಕ ಹಮಾಲರನ್ನ ಕರೀರಿ ಯಜಮಾನ್ರ, ನನ್ನನ್ಯಾಕ ಕರೆದ್ರಿ?” ಎಂದ ಮಾರೇಶ. ಅವನ ದನಿಯಲ್ಲಿ ಅಳುಕೇನೂ ಇರಲಿಲ್ಲ. ಸಿಟ್ಟಿತ್ತು, ಅದೂ ತನ್ನ ಮೇಲೆ. “ತಂಗೀ, ನಾಳಿ ಮಧ್ಯಾಹ್ನ ಇನ್ನೊಂದು ಸಲ ಮಲಗಿ ನೋಡ್ರಿ. ಎಚ್ಚರಾದ್ರ ಅಲ್ಲೇ ಬಿಚ್ಚಾಕ ಶುರು ಮಾಡ್ತೀನಿ.”

“ನಾಳಿ ಮಧ್ಯಾಹ್ನ,” ಎಂದಳು ಗಾಯತ್ರಿ. “ಆಮ್ಯಾಲ ಕಟಿಂಗ್ ಪ್ಲಾಯರ್ ನನ್ನ ಕೈಯಾಗಿರ್ತೈತಿ.”

ಅವಳು ವರಾಂಡದಲ್ಲಿ ಚಾಪೆ ಹಾಕಿಕೊಂಡಳು. ಅವಳ ಅನುಮತಿ ಪಡೆದು ಮಾರೇಶ ಮೇಲಿನ ಕೋಣೆಗೆ ಹೋಗಿ, ರೇಣುಕಮ್ಮನ ದನಿಯನ್ನು ಅಂದಾನಪ್ಪನವರ ಫೋನಿಗೆ ಕಳಿಸಿ ಕೆಳಗೆ ತಿರುತಿರುಗಿ ಬರುವಂತೆ ಹಚ್ಚಿಸಿ, ನೆಲಕ್ಕೆ ಕಿವಿಯಿಟ್ಟು ಉದ್ದಕ್ಕೆ ಮಲಗಿದ. ಟೈಲ್ಸಿನೊಳಗಿಂದ ಹೆಂಡತಿ ಎದ್ದು ಬಂದಳು: ಮೆಣಸಿನಕಾಯಿ ತರ್ರಿ, ಮರೀಬ್ಯಾಡ್ರಿ. ಹಲ್ಲಿಯಂತೆ ಒಂದು ಮೊಳ ತೆವಳಿದ, ದನಿ ಸಣ್ಣದಾಯಿತು. ಇನ್ನೊಂದು ಮೊಳ ತೆವಳಿದ, ಮತ್ತೆ ಜೋರಾಯಿತು. ಎಲ್ಲ ಕಡೆಯಿಂದಲೂ ಬರುತ್ತಿಲ್ಲ, ಅಲ್ಲಲ್ಲಿ ಚುಕ್ಕಿಯಿಟ್ಟಂತೆ ಬರುತ್ತಿದೆ. ಕೆಳಗೆ ಕಬ್ಬಿಣದ ಪಟ್ಟಿಗಳು ಸ್ಲ್ಯಾಬಿಗೆ ಸೇರಿದ ಕಡೆಯೇ.

ಆಗ ಅವನಿಗೆ ಹೊಳೆಯಿತು, ಮಲಗಿದ್ದಲ್ಲೇ ನಗು ಬಂತು. ಆಯುಷ್ಯವಿಡೀ ದನಿ ಎಷ್ಟು ದೂರ ಹೋಯಿತೆಂದು ನೋಡಿದವನು, ಎಷ್ಟು ಮೇಲೆ ಹೋಯಿತೆಂದು ಒಮ್ಮೆಯೂ ನೋಡಿರಲಿಲ್ಲ. ನೋಡುವ ಪ್ರಸಂಗವಾದರೂ ಎಲ್ಲಿತ್ತು? ಹಾರ್ನ್ ಇರುವುದೇ ಮರದ ತುದಿಯಲ್ಲಿ. ಅದರ ಮೇಲೆ ಕಾಗೆಯ ಹೊರತು ಇನ್ಯಾರೂ ಸಂಸಾರ ಹೂಡಿರಲಿಲ್ಲ. ಕಾಗೆಗಳೂ ದೂರು ಕೊಟ್ಟಿರಲಿಲ್ಲ.

ಆ ಗಳಿಗೆಗೇ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಸಾಕ್ಷಾತ್ ರೇಣುಕಮ್ಮ.

“ಎಲ್ಲದೀರಿ?”

“ಹೊಸಪ್ಯಾಟಿಯಾಗ. ನೆಲದ ಮ್ಯಾಲ ಮಲಗೀನಿ.”

“ದುಡಿಯಾಕ ಹೋಗಿ ಮಲಗೀರೇನು?”

“ನಿನ್ನ ಮಾತು ಕೇಳಾಕಂತ ಮಲಗೀನಿ.”

“ಮೊಮ್ಮಕ್ಕಳಾದ ಮ್ಯಾಲ ಬುದ್ಧಿ ಬಂತು ಹಂಗಾರ,” ಎಂದಳು ಅವಳು. ನಡೆದದ್ದನ್ನು ಮಾರೇಶ ಕಾಗೆಯ ಸಮೇತ ಹೇಳಿದ. ಪೆಟ್ಟಿಗೆ ಗಟ್ಟಿ, ಉಣ್ಣೆ ಗಟ್ಟಿ. ಆದರೆ ಪೆಟ್ಟಿಗೆಯ ನಡುಕ ಕಬ್ಬಿಣ ಹಿಡಿದುಕೊಂಡು ಸ್ಲ್ಯಾಬಿಗೆ ಹತ್ತುತ್ತಿದೆ.

“ಮರಕ್ಕ ಹಾರ್ನ್ ಕಟ್ಟುವಾಗ ತೆಂಗಿನ ನಾರಿನ ಹಗ್ಗನ ಬೇಕು, ತಂತಿ ಕಟ್ಟಿದ್ರ ಗುಂಯ್ ಅಂತೈತಿ ಅಂತ ಮನಿಮಂದಿ ಕೈಲೆಲ್ಲಾ ಹಗ್ಗ ಹೊಸಿಸ್ತಿದ್ರಿ,” ಎಂದಳು ರೇಣುಕಮ್ಮ. “ಕಾಗಿಗೆ ಹಗ್ಗ, ಆ ಮನಿ ಹೆಣ್ಣುಮಗಳಿಗೆ ಕಬ್ಬಿಣ ಯಾಕ ಕಟ್ಟಿಸಿದ್ರಿ?”

ಮಾರೇಶ ಫೋನ್ ಜೇಬಿಗೆ ಹಾಕಿಕೊಂಡು ಎದ್ದ.

ಅದಿರಿನ ಲಾರಿಗಳು ನಿಲ್ಲುವ ರಸ್ತೆಯ ಪಂಕ್ಚರ್ ಅಂಗಡಿಯಿಂದ ಒಂದು ಹಳೆಯ ಟ್ಯೂಬು ಬಂತು. ಟ್ಯೂಬು ಕಂಡದ್ದೇ ಅಂದಾನಪ್ಪನವರ ಕಳೆ ಬದಲಾಯಿತು. ಈವರೆಗೆ ಪರಕೀಯವಾಗಿದ್ದ ವಿದ್ಯೆಯಲ್ಲಿ ತಮ್ಮ ಅಧಿಕಾರ ನಡೆಯುವ ಒಂದು ವಸ್ತು ಕೊನೆಗೂ ಸಿಕ್ಕಿತ್ತು.

“ಇದು ಸೋತ ಟ್ಯೂಬು. ಬೆರಳಿನಿಂದ ಒತ್ತಿದ್ರ ಗೊತ್ತಾಗತೈತಿ. ಇನ್ನೊಂದು ತಗಂಡ ಬಾ, ನಾನು ಹೇಳ್ತೀನಿ,” ಎಂದು ಲುಂಗಿ ಎತ್ತಿ ಕಟ್ಟಿ ನೆಲಕ್ಕೆ ಕೂತರು. ಮಾರೇಶ ಇನ್ನೊಂದು ತಂದ. ಅದನ್ನು ಅವರು ಮೂಸಿ, ಎಳೆದು, ಪಾಸ್ ಮಾಡಿ, ತಾವೇ ಕತ್ತರಿ ಹಿಡಿದು ಬಿಲ್ಲೆಗಳನ್ನು ಕತ್ತರಿಸಿದರು. ಪ್ರತಿಯೊಂದು ಬಿಲ್ಲೆಯನ್ನೂ ಕೊಡುವಾಗ ಯಾರ್ಡಿನಿಂದ ಲೋಡ್ ಬಿಡುವ ಗತ್ತಿನಲ್ಲಿ “ಹೂಂ, ಹೋಗ್ಲಿ” ಅನ್ನುತ್ತಿದ್ದರು. ಪಿಒಪಿಯವರು ಬಂದು ಬೋರ್ಡು ಬಿಚ್ಚಿಕೊಟ್ಟರು. ಕಬ್ಬಿಣ ಸ್ಲ್ಯಾಬಿಗೆ ಸೇರುವಲ್ಲೆಲ್ಲ ನಡುವೆ ರಬ್ಬರು, ಪೆಟ್ಟಿಗೆ ಚೌಕಟ್ಟಿನ ಮೇಲೆ ಕೂರುವಲ್ಲೆಲ್ಲ ಕೆಳಗೆ ರಬ್ಬರು. ಸ್ಕ್ರೂವಿಗೂ ರಬ್ಬರಿನ ಟೋಪಿ. ಕಬ್ಬಿಣ ಬರಿಮೈಯಲ್ಲಿ ಸ್ಲ್ಯಾಬನ್ನಾಗಲಿ ಪೆಟ್ಟಿಗೆಯನ್ನಾಗಲಿ ಮುಟ್ಟುವ ಒಂದು ಜಾಗವನ್ನೂ ಮಾರೇಶ ಬಿಡಲಿಲ್ಲ. ರಾತ್ರಿಯೆಲ್ಲ ಕೆಲಸ ನಡೆದು, ಬೆಳಗಾಗುವಷ್ಟರಲ್ಲಿ ಬೋರ್ಡೂ ಬಣ್ಣವೂ ಮತ್ತೆ ಸೂರಿಗೇರಿದವು.

ಮರುದಿನ ಮಧ್ಯಾಹ್ನ. ಗಾಯತ್ರಿ ಪಾಳಿ ಮುಗಿಸಿ ಬಂದು, ಉಂಡು, ಪ್ಲಾಯರನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದುಕೊಂಡೇ ಮೇಲೆ ಹೋದಳು. ಬಾಗಿಲು ಮುಚ್ಚಿತು. ಮಾರೇಶ ಹಾಡು ಹಚ್ಚಿದ. ನಿನ್ನೆಗಿಂತ ಒಂದು ಗೆರೆ ಹೆಚ್ಚೇ ಇಟ್ಟ. ಈ ಸಲ ಗೇಟಿನ ಕಡೆ ಹೋಗಲಿಲ್ಲ. ಮೆಟ್ಟಿಲು ಹತ್ತಿ, ಅವಳ ಬಾಗಿಲಾಚೆಯ ಕೊನೆಯ ಮೆಟ್ಟಿಲ ಮೇಲೆ, ಬರಿಗಿವಿಯಲ್ಲಿ ಕೂತ. ಮೆಟ್ಟಿಲ ದಾರಿಯಿಂದ ಹಾಡಿನ ಒಂದು ಸುಳಿ ಬಂದು ಪಾದಕ್ಕೆ ತಗುಲಿದಂತಾಯಿತು, ಅಷ್ಟೇ. ಬಾಗಿಲ ಹಿಂದಿನಿಂದ ಫ್ಯಾನಿನ ಸದ್ದು. ಸ್ವಲ್ಪ ಹೊತ್ತಿಗೆ ಅದರೊಳಗೆ ಇನ್ನೊಂದು ಸದ್ದು ಸೇರಿತು: ಸಣ್ಣಗೆ, ತಾಳ ತಪ್ಪದ ಗೊರಕೆ. ಜೀವಮಾನದಲ್ಲಿ ಎಷ್ಟೋ ಹಾಡು ಕೇಳಿದ ಮಾರೇಶನಿಗೆ ಇಷ್ಟು ಹಿತವಾದದ್ದು ನೆನಪಾಗಲಿಲ್ಲ. ಹತ್ತಿಯನ್ನು ಕಿವಿಗಿಡದೆ, ಜೇಬಿನಲ್ಲೇ ಬಿಟ್ಟು ಕೆಳಗಿಳಿದ.

ಕೆಳಗೆ ಅಂದಾನಪ್ಪನವರು ಗುಡ್ಡಪ್ಪನಿಗೆ ಫೋನ್ ಹಚ್ಚಿದರು. ಗುಡ್ಡಪ್ಪ ಎತ್ತಲಿಲ್ಲ, ‘ಮೆಸೇಜ್ ಮಾಡ್ರಿ ಭಾವ’ ಎಂದು ಬರೆದು ಕಳಿಸಿದ. ಅಂದಾನಪ್ಪನವರು ಸೂರು ನೋಡಿದರು. ಜರಡಿಗಳು ಬಣ್ಣದಲ್ಲಿ ಕರಗಿದ್ದವು. ಎದ್ದು ಗೇಟಿನವರೆಗೆ ಹೋಗಿ ನಿಂತರು. ಎದುರು ಮನೆಯವರು ಸ್ಕೂಟರಿನಲ್ಲಿ ಹೋದರು, ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ಪಕ್ಕದ ಮನೆಯ ನಾಯಿ ನಿನ್ನೆಯಂತೆಯೇ ಮಲಗಿತ್ತು. ಒಳಗೆ ಬಂದು ಸೋಫಾದಲ್ಲಿ ಕೂತವರ ಮುಖದಲ್ಲಿ, ಮದುವೆಗೆ ಹೊಸ ಕೋಟು ಹೊಲಿಸಿ ಅದರ ಮೇಲೆ ಕಂಬಳಿ ಹೊದ್ದುಕೊಳ್ಳಬೇಕಾಗಿ ಬಂದವನ ಸಂಕಟವಿತ್ತು.

“ಅಲ್ಲಲೇ ಮಾರೇಶಾ, ಸ್ಪೀಕರ್ ನೋಡಿದ್ರ ಕಣ್ಣಿಗೆ ಕಾಣವಲ್ದು, ಶಬ್ದ ನೋಡಿದ್ರ ಗೇಟ್ ದಾಟವಲ್ದು. ಇಷ್ಟೆಲ್ಲಾ ಮಾಡಿಸೀನಿ ಅಂತ ಓಣಿ ಮಂದಿಗೆ ಹೆಂಗ ಗೊತ್ತಾಗಬೇಕು?”

ಮಾರೇಶ ವೈರು ಸುತ್ತುತ್ತಿದ್ದವನು ತಲೆಯೆತ್ತದೆ ಹೇಳಿದ:

“ನಿದ್ದಿಯಾಗಿರೋ ನಿಮ್ಮ ಸೊಸಿನ ಎದ್ದು ಬಂದು ಓಣಿಗೆ ಹೇಳಬೇಕ್ರಿ. ಎಬ್ಬಸ್ಲೇನು?”